ಚಳಿಗೆ ನಡುಗುವ ಕಾರುರಾಯರಿಗೆ, ಐಡ್ಲಿಂಗಿನ ವಿಷಯವಾಗಿ

ಮಾನ್ಯರೇ,

ಮುನವಳ್ಳಿಯ ನಮ್ಮ ಮನೆಯ ಮುಂದಿನ ಬೇವಿನ ಮರದ ಕೆಳಗೆ ಹೊದಿಕೆ ಹೊದ್ದು ವಿಶ್ರಮಿಸುತ್ತಿರುವ ತಮ್ಮ ನಾಲ್ಕೂ ಪಾದಗಳಿಗೆ ವಂದಿಸಿ, ಡಿಕ್ಕಿಯಲ್ಲಿ ಅಜ್ಞಾತವಾಸದಲ್ಲಿರುವ ಐದನೆಯದನ್ನೂ ಮರೆಯದೆ ಸ್ಮರಿಸಿ, ಬೈಲಹೊಂಗಲದ ಕಾಲೇಜಿನಲ್ಲಿ ವ್ಯಾಕರಣ ಕಲಿಸುವ ಈ ಸೇವಕನು ಊರೆಲ್ಲ ಓದುವಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಹೆಸರು ನಾಮಪದವೋ ಕ್ರಿಯಾಪದವೋ ಎಂಬ ಬಗ್ಗೆ ನನಗೆ ಈ ಚಳಿಗಾಲದಲ್ಲಿ ಭಾರೀ ಸಂಶಯ ಹುಟ್ಟಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ತಾವು ಸಭ್ಯ ನಾಮಪದ. ಬೆಳಗಿನ ಥಂಡಿಯಲ್ಲಿ ಚಾವಿ ತಿರುಗಿಸಿದರೆ ಮಾತ್ರ ಕರಿ ಹೊಗೆಯನ್ನು ಕಾರುವ ಅಪ್ಪಟ ಕ್ರಿಯಾಪದ. ನಿಂತಲ್ಲೇ ಗಡಗಡ ನಡುಗಿ, ಕೆಮ್ಮಿ, ಆಕ್ಸಿಲರೇಟರಿನಿಂದ ಕಾಲು ತೆಗೆದ ಕ್ಷಣವೇ ಪ್ರಾಣ ಬಿಡುತ್ತೀರಿ.

ತಮ್ಮ ನಡುಕದಿಂದ ನಮಗಾದ ಉಪಕಾರಗಳನ್ನು ಮರೆಯುವಷ್ಟು ಕೃತಘ್ನ ನಾನಲ್ಲ. ಓಣಿಯ ಜನ ಅಲಾರಾಂ ಇಡುವುದನ್ನೇ ಬಿಟ್ಟಿದ್ದಾರೆ. ನನ್ನ ಹೆಂಡತಿ ಮಾಲಾ ಹಿಂದಿನ ಸೀಟಿನಲ್ಲಿಟ್ಟ ಮೊಸರಿನ ಗಡಿಗೆ, ತಾವು ಗೇಟು ದಾಟುವ ಮೊದಲೇ ಬೆಣ್ಣೆ ಬಿಟ್ಟಿದೆ. ಇಂಥ ಪರೋಪಕಾರಿಗಳ ಮೇಲೆ ತಕರಾರು ತೆಗೆಯುವ ದರಕಾರು ನನಗಿರಲಿಲ್ಲ, ಮಗಳ ಮಾನದ ಪ್ರಶ್ನೆ ಬರದಿದ್ದರೆ.

ನನ್ನ ಮಗಳು ಸಪ್ನಾ ದನದ ಡಾಕ್ಟರು. ಸಿರಸಂಗಿಯ ಕಡೆಯ ಎಮ್ಮೆಗಳು ಈಯಲು ಬೆಳಗಿನ ಜಾವವನ್ನೇ ಆರಿಸಿಕೊಳ್ಳುತ್ತವೆ, ತಾವು ಪ್ರಾಣ ಬಿಡುವುದೂ ಅದೇ ಮುಹೂರ್ತಕ್ಕೆ. ಒಮ್ಮೆ ತಮ್ಮ ಕೃಪೆಯಿಂದ ಅವಳು ತಡವಾಗಿ ತಲುಪಿದ್ದರಿಂದ ಕರು ಉಳಿಯಲಿಲ್ಲ. ಅಂದಿನಿಂದ ಜನ ಅವಳನ್ನು ಕುರಿತು, "ಬಾಯಾರು ಶ್ಯಾಣ್ಯಾರ ಅದಾರ ಖರೆ, ಆದರ ಅವರು ಬರೂದ್ರಾಗ ಕರು ಹೋಗಿರತೈತಿ" ಎನ್ನತೊಡಗಿದರು. ಆ ಮಾತು ಕೇಳಿದ ದಿನ ಅವಳು ಊಟ ಬಿಟ್ಟಳು. ತಾವು ಮಾತ್ರ ಪೆಟ್ರೋಲು ಬಿಡಲಿಲ್ಲ.

ಮೆಕ್ಯಾನಿಕ್ ಮಾಂತೇಶನನ್ನು ಕರೆಸಿದೆವು. ಅವನು ಬಾನೆಟ್ ಎತ್ತಿ, ಪ್ಲಗ್ಗು ಬದಲಿಸಿ, ಬ್ಯಾಟರಿಯನ್ನು ಬೈದು, "ಐಡ್ಲಿಂಗ ಬರೊಬ್ಬರಿ ಇಲ್ರಿ ಸರ" ಎಂದ. ಗಾಡಿ ನಿಂತಿದ್ದಾಗ ಇಂಜಿನ್ನು ಒಂದೇ ಸಮ ಉಸಿರಾಡಿಕೊಂಡಿರುವುದಕ್ಕೆ ಅವರ ವೃತ್ತಿಯಲ್ಲಿ ಹಾಗೆನ್ನುತ್ತಾರೆ. ಆದರೆ ಕಟ್ಟೆಯ ಮೇಲೆ ಕುಳಿತಿದ್ದ ನನ್ನ ತಾಯಿ ರಾಯವ್ವನ ಕಿವಿಗೆ ಬಿದ್ದದ್ದು ಆ ಶಬ್ದದ ಬಾಲವಷ್ಟೇ. "ಯಾವ ಲಿಂಗೋ ನಿಜಗುಣಾ? ನಾವು ಅದಕ್ಕ ನಡಕೊಳ್ಳೂದು ಬಿಟ್ಟೇವೇನು?" ಎಂದು ಗಾಬರಿಯಾದಳು. ನಮ್ಮ ಕಡೆ ದೇವರಿಗೆ ನಡೆದುಕೊಳ್ಳುವುದೆಂದರೆ ತಪ್ಪದೆ ಸೇವೆ ಸಲ್ಲಿಸುವುದು. ನಾನು ನಾಲಿಗೆಯ ತೀಟೆಗೆ, "ದಿನಾ ನಡಕೊಂಡ ಹೊಂಟೇವಲ್ಲಬೇ, ಬಸ್ ಸ್ಟ್ಯಾಂಡ್ ತನಕಾ" ಎಂದೆ. ಅಷ್ಟರಲ್ಲಿ ಮಾಂತೇಶ, "ಐಡ್ಲಿಂಗ ಅಲ್ದಿದ್ರ ಬೇರಿಂಗ ಇರಬೇಕ್ರಿ" ಎಂದು ಬೆಂಕಿಗೆ ತುಪ್ಪ ಸುರಿದ. "ನಾ ಅನ್ನಲಿಲ್ಲೇನು, ಅದು ಬೇರೆ ಲಿಂಗ!" ಎಂದು ಅವ್ವ ತೀರ್ಪು ಕೊಟ್ಟಳು. ಯಾವ ಲಿಂಗವಾದರೂ ಇರಲಿ, ಎಲ್ಲವ್ವ ನೋಡಿಕೊಳ್ಳುತ್ತಾಳೆಂದು ಸವದತ್ತಿ ಗುಡ್ಡದ ಭಂಡಾರದ, ಅಂದರೆ ಪ್ರಸಾದದ ಅರಿಶಿನದ, ಚೀಲ ಬಿಚ್ಚಿದಳು.

ಮರುದಿನದಿಂದ, ಸಪ್ನಾ ಬಾನೆಟ್ ಎತ್ತಿಟ್ಟು, ಬಹಳ ಹೊತ್ತು ಆಕ್ಸಿಲರೇಟರು ಒತ್ತಿ ತಮ್ಮನ್ನು ಹೇಗೋ ಉಳಿಸಿ, ಬಿಸಿಯಾಗಲು ಬಿಟ್ಟು ಒಳಗೆ ಬಂದಾಗಲೆಲ್ಲ, ಅವ್ವ ತಮ್ಮ ಎದೆಯೊಳಗಿನ ಒಂದು ಕರಿ ಕೊಳವೆಯ ಬಾಯಿಗೆ ಚಿಟಿಕೆ ಅರಿಶಿನ ಹಿಡಿದಳು. ಇಂಜಿನ್ನು ಗಾಳಿ ಎಳೆದುಕೊಳ್ಳುವ ಕೊಳವೆಯದು; ಚಿಟಿಕೆ ಸುರ್ರೆಂದು ಮಾಯ! "ನೋಡ್ರೋ, ದೇವರು ಕೈಯಾಗಿಂದ ಕಸಗೊಂಡ!" ಎಂದು ಅವ್ವ ಕೂಗಿದ್ದು ನನಗೂ ಕೇಳಿತ್ತು, ಬಾನೆಟ್ಟಿಗೆ ಹಚ್ಚುತ್ತಿರಬೇಕೆಂದು ಚಹಾ ಕುಡಿಯುತ್ತ ಕುಳಿತೆ. ಅಷ್ಟು ಆಸೆಯಿಂದ ಸ್ವೀಕರಿಸುವ ದೇವರಿಗೆ ಚಿಟಿಕೆ ಸಾಕೇ? ಚಿಟಿಕೆ ಹಿಡಿಯಾಯಿತು. ಭಂಡಾರ ಹೆಚ್ಚಿದಂತೆ ನಡುಕ, ನಡುಕ ಹೆಚ್ಚಿದಂತೆ ಭಂಡಾರ. ಹೀಗೆ ಭಕ್ತರೂ ಭಗವಂತನೂ ಪೈಪೋಟಿಗೆ ಬಿದ್ದರು.

ಕಳೆದ ವಾರ ಸಿರಸಂಗಿಯ ಕರೆವ್ವ ಇನ್ನೂ ಬೆಳಕು ಹರಿಯುವ ಮೊದಲೇ ಫೋನು ಮಾಡಿದಳು: "ಬಾಯಾರ, ಎಮ್ಮಿ ತಿಣಕಾಕ ಹತ್ತೈತ್ರಿ, ಕರುವಿಂದು ಒಂದ ಕಾಲಷ್ಟ ಕಾಣತೈತಿ, ಲಗೂನ ಬರ್ರಿ!" ಸಪ್ನಾ ಚಾವಿ ತಿರುಗಿಸಿದಳು, ತಾವು ಸಂಪ್ರದಾಯದಂತೆ ಸತ್ತಿರಿ. ಮತ್ತೆ ತಿರುಗಿಸಿದಳು, ಮತ್ತೆ ಸತ್ತಿರಿ. ಅವಳ ಕಣ್ಣಲ್ಲಿ ನೀರು ನಿಂತಿತ್ತು. ನಾನು ಹಾಸ್ಯ ಮಾಡಲಿಲ್ಲ ಎಂಬುದನ್ನು ದಯವಿಟ್ಟು ಗುರುತಿಸಿಕೊಳ್ಳಬೇಕು. ಕಣ್ಣೊರೆಸಿಕೊಂಡು ಅವಳೇ ಬಾನೆಟ್ ಎತ್ತಿ, "ಅಪ್ಪಾ, ದನಾ ಇರಲಿ ಗಾಡಿ ಇರಲಿ, ಮೊದಲ ಉಸಿರು ನೋಡಬೇಕು. ಇದರ ಮೂಗ ಎಲ್ಲೈತಿ?" ಎಂದಳು. ನನಗೆ ಅನುನಾಸಿಕ ಗೊತ್ತು, ತಮ್ಮ ನಾಸಿಕ ಗೊತ್ತಿಲ್ಲ. ಅವ್ವನೇ ಹೆಮ್ಮೆಯಿಂದ ಮುಂದೆ ಬಂದು ತೋರಿಸಿದಳು: "ಇಲ್ಲೈತಿ ನೋಡವಾ, ದಿನಾ ನಾನ ಉಣಸತೇನಲ್ಲ!"

ಸಪ್ನಾ ಅಜ್ಜಿಯ ಮುಖ ನೋಡಿದಳು, ಕೊಳವೆ ನೋಡಿದಳು, ಅದರ ತುದಿಯ ಡಬ್ಬಿಯ ಕ್ಲಿಪ್ಪು ಬಿಚ್ಚಿದಳು. ಒಳಗೆ ಗಾಳಿ ಸೋಸುವ ಏರ್ ಫಿಲ್ಟರು, ವರ್ಷಗಳ ಧೂಳಿನ ಮೇಲೆ ಭಂಡಾರ ಮೆತ್ತಿಕೊಂಡು, ಮದುವೆಯ ಹಿಂದಿನ ದಿನದ ಮದುಮಗನಂತೆ ಅಡಿಯಿಂದ ಮುಡಿಯವರೆಗೆ ಹಳದಿಯಾಗಿತ್ತು. ಅದನ್ನು ಕಟ್ಟೆಗೆ ಬಡಿದಳು. ಎದ್ದ ಮೋಡ ನನ್ನ ಮೇಲೆ ಇಳಿಯಿತು; ಈ ವಯಸ್ಸಿನಲ್ಲಿ ಎರಡನೇ ಸಲ ಅರಿಶಿನ ಹಚ್ಚಿಸಿಕೊಂಡ ನನ್ನನ್ನು ಕಂಡು ಮಾಲಾ ಮುಖ ಬಿಗಿದಳು. ಸಪ್ನಾ ಮತ್ತೆ ಚಾವಿ ತಿರುಗಿಸಿದಳು. ತಾವು ಒಮ್ಮೆ ಸೀನಿದಿರಿ, ನಂತರ ಜೇನುಹುಟ್ಟಿನಂತೆ ಗುಂಯ್ ಎಂದು ನಿಂತಿರಿ. ಅವಳು ಹೊರಟೇ ಹೋದಳು.

ಹೊತ್ತೇರುವಷ್ಟರಲ್ಲಿ ಕರೆವ್ವನ ಫೋನು: "ಕರು ಎದ್ದ ನಿಂತೈತ್ರಿ ಸರ, ಬಾಯಾರ ಕೈ ಭಾಳ ಛಲೋ ಐತಿ!" ಕರುವಿಗೂ ಕಾರಿಗೂ ವ್ಯಾಕರಣದಲ್ಲಿ ವ್ಯತ್ಯಾಸ ಒಂದು ದೀರ್ಘ ಮಾತ್ರ. ಆದರೆ ಹ್ರಸ್ವವಾದದ್ದು ಹುಟ್ಟಿದ ಬೆಳಿಗ್ಗೆಯೇ ಥಂಡಿಯಲ್ಲಿ ಕಾಲೂರಿ ನಿಂತಿತು ಎಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

ಮಾಂತೇಶ ತಮ್ಮ ಗಂಟಲನ್ನು ತೊಳೆದು ಹೊಸ ಫಿಲ್ಟರು ಕೂಡಿಸಿದ್ದಾನೆ. ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಇನ್ನು ಮುಂದೆ ಯಾರಾದರೂ ಭಕ್ತಿಯಿಂದ ಮೂಗಿಗೇ ನೈವೇದ್ಯ ಹಿಡಿದರೆ, ಎಲ್ಲವನ್ನೂ ಸುರ್ರೆಂದು ಎಳೆದುಕೊಳ್ಳದೆ, "ಬ್ಯಾಡ್ರಿ, ಹೊಟ್ಟಿ ತುಂಬೇತಿ" ಎಂದು ಬಾಯಿಬಿಟ್ಟು ಹೇಳುವ ಕೃಪೆ ಮಾಡಬೇಕು. ಅವ್ವನನ್ನು ಬೈಯುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಸಪ್ನಾ ಮಾತ್ರ ಅವಳನ್ನು ಟೈರಿನ ಬಳಿ ಕರೆದೊಯ್ದು, "ಆಯಿ, ದೇವರ ಮೂಗಿಗೆ ಯಾರರ ಹಚ್ಚತಾರೇನು? ಪಾದಕ್ಕ ಹಚ್ಚು" ಎಂದಳು. ಅವ್ವ ನಾಲಿಗೆ ಕಚ್ಚಿಕೊಂಡು ಗಲ್ಲ ಗಲ್ಲ ಬಡಿದುಕೊಂಡಳು.

ತಮ್ಮ ವಿಶ್ವಾಸಿ, ಅಂದರೆ ಬಿಸಿಲೇರಿದ ಮೇಲಿನ ವಿಶ್ವಾಸಿ,
ನಿಜಗುಣಪ್ಪ

ತಾ.ಕ.: ನಿನ್ನೆ ಸಂತೆಯಲ್ಲಿ ಒಬ್ಬರು ತಮಗೆ ಬದಲಾಗಿ ಒಂದು ಎಮ್ಮೆ ಕೊಡುವ ಮಾತಾಡಿದರು. ನಾನು ಇನ್ನೂ ಒಪ್ಪಿಲ್ಲ. ಆದರೆ ಅದರ ಹಲ್ಲು ನೋಡಿ ಬಂದಿದ್ದೇನೆ.