ಮಟಮಟ ಮಧ್ಯಾಹ್ನದ ಸ್ಪ್ಯಾನಿಷ್ ಸಾಲಿ

"ದೀಪಾವಳಿ ಬರೂದ್ರೊಳಗ ಈ ಮನಿ ಬೆಕ್ಕೂ ಸ್ಪ್ಯಾನಿಷಿನೊಳಗ ಮಿಯಾಂವ್ ಅನಬೇಕು! ಇಲ್ಲಂದ್ರ ನಾ ಗುರುರಾಜ ಮಾಸ್ತರ ಅಲ್ಲ!"

ಭೀಷ್ಮ ತನ್ನ ಪ್ರತಿಜ್ಞೆಯನ್ನು ನೆಲದ ಮೇಲೆ ನಿಂತು ಮಾಡಿದ್ದ. ಜಮಖಂಡಿಯ ನಿವೃತ್ತ ಇತಿಹಾಸ ಶಿಕ್ಷಕ ಗುರುರಾಜ ಮಾಸ್ತರರು ಮಾಡಿದ್ದು ಪಡಸಾಲೆಯ ಜೋಕಾಲಿಯ ಮೇಲೆ ನಿಂತು. ಅದು ಎಪ್ಪತ್ತೊಂದನೆಯ ಇಸವಿ, ನಾಗರಪಂಚಮಿಯ ಮರುದಿನ.

ಹೆಂಡತಿ ವತ್ಸಲಾಬಾಯಿ ಮೆಂತ್ಯ ಸೋಸುತ್ತ ತಲೆಯೆತ್ತದೆ ಹೇಳಿದರು: "ಮದಲ ಕೆಳಗ ಇಳೀರಿ. ಜೋಕಾಲಿ ಕೊಂಡಿ ಸವದದ."

ಪ್ರತಿಜ್ಞೆಗೆ ಕಾರಣವಿತ್ತು. ವತ್ಸಲಾಬಾಯಿಯ ಒಬ್ಬನೇ ತಮ್ಮ ಶ್ರೀಧರ ಹದಿನೇಳು ವರ್ಷದ ಹಿಂದೆ ಮುಂಬಯಿಯಲ್ಲಿ ಹಡಗಿನ ಕಾರಕೂನನಾಗಿ ಹತ್ತಿದವನು ಅರ್ಜೆಂಟೀನಾದಲ್ಲಿ ಇಳಿದು ಅಲ್ಲಿಯೇ ಉಳಿದಿದ್ದ. ಅಲ್ಲಿಯೇ ಮದುವೆ, ಅಲ್ಲಿಯೇ ಹೆಂಡತಿಯ ಸಾವು. ಈಗ ಅವನ ಪತ್ರ ಬಂದಿತ್ತು: "ಅಕ್ಕಾ, ಈ ಸಲ ಭಾವುಬೀಜಕ್ಕ ಬರ್ತೀನಿ. ಕೂಡ ಹನ್ನೊಂದು ವರ್ಷದ ಮಗಳು ಲೂಸಿಯಾ ಇರ್ತಾಳ. ಆಕಿಗೆ ಸ್ಪ್ಯಾನಿಷ್ ಬಿಟ್ಟರ ಒಂದಕ್ಷರ ತಿಳಿಯೂದಿಲ್ಲ. ಹೆಂಗ ಮಾತಾಡಸ್ತಿ, ನೋಡು."

ದೀಪಾವಳಿಯ ಕೊನೆಯ ದಿನ ಭಾವುಬೀಜ, ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಆರತಿ ಎತ್ತುವ ಹಬ್ಬ; ಅಣ್ಣತಮ್ಮಂದಿರಿಲ್ಲದವರು ಅಂದು ಚಂದ್ರನಿಗೆ ಎತ್ತುತ್ತಾರೆ. ತಮ್ಮನಿದ್ದೂ ವತ್ಸಲಾಬಾಯಿ ಹದಿನೇಳು ವರ್ಷ ಚಂದ್ರನಿಗೇ ಎತ್ತಿದ್ದರು. ಚಂದ್ರನ ಮೈಮೇಲಿನ ಕಪ್ಪು ಕಲೆ ತಮ್ಮ ಮನೆಯ ಬತ್ತಿಯ ಮಸಿಯೇ ಎಂದು ಮಾಸ್ತರರ ವಾದ!

ಪುಣೆಯಿಂದ ಪುಸ್ತಕ ಬಂತು. ಸ್ಪ್ಯಾನಿಷ್ ನಾಡಿನ ಹನ್ನೆರಡು ಹಳೆಯ ದಂತಕಥೆಗಳು, ಸಾಲಿನ ಕೆಳಗೆ ಇಂಗ್ಲಿಷ್ ಅರ್ಥ.

"ಕೂಸು ವ್ಯಾಕರಣ ಓದಿ ಮಾತು ಕಲೀತದೇನು? ಅಜ್ಜಿ ಕಥಿ ಕೇಳಿ ಕಲೀತದ! ಇದು ನನ್ನ ಪದ್ಧತಿ!" ಎಂದು ಮಾಸ್ತರರು ಗರ್ಜಿಸಿದರು. ಉಚ್ಚಾರದ ಚಿಂತೆಯೇ ಇರಲಿಲ್ಲ. ಅವರ ಸ್ಪ್ಯಾನಿಷ್ ತಪ್ಪು ಎನ್ನಬಲ್ಲ ಗಂಡಸು ಕೃಷ್ಣಾ ನದಿಯಿಂದ ಅರಬ್ಬೀ ಸಮುದ್ರದ ತನಕ ಇನ್ನೂ ಹುಟ್ಟಿರಲಿಲ್ಲ!

ತರಗತಿ ಮಧ್ಯಾಹ್ನದ ಊಟವಾದ ಮೇಲೆ. ರಾತ್ರಿ ಎಂಟಕ್ಕೆ ಮಾಸ್ತರರ ಗೊರಕೆ ಶುರುವಾಗುತ್ತಿದ್ದರಿಂದ ಬೇರೆ ಹೊತ್ತಿರಲಿಲ್ಲ. ವಿದ್ಯಾರ್ಥಿಗಳು ಇಬ್ಬರು. ಒಬ್ಬರು ವತ್ಸಲಾಬಾಯಿ, ದಿನಕ್ಕೆ ಐದು ಶಬ್ದಗಳನ್ನು ಐವತ್ತೈವತ್ತು ಸಲ ಬರೆಯುವ ಶಿಕ್ಷೆ ಅವರದು. ಇನ್ನೊಬ್ಬಳು ಪಕ್ಕದ ಮನೆಯ ಸೋಮವ್ವ. ಅವಳು ಬಂದದ್ದು ಭಾಷೆಗಲ್ಲ, ಕಥೆಗೆ.

ಮೊದಲ ಕಥೆಯಲ್ಲಿ ರಾಜನ ಬಂಗಾರದ ಗಂಟೆ ನದಿಗೆ ಬಿತ್ತು. ಅದನ್ನು ತೆಗೆಯಲು ಹೋಗಿ ಮೂವರು ರಾಜಕುಮಾರರು ಮುಳುಗಿದರು.

"ಗಲಗಲಿ ಅಂಬಿಗರ್ನ ಕರದಿದ್ರ ಅರ್ಧಾ ತಾಸಿನ್ಯಾಗ ತಗದ ಕೊಡ್ತಿದ್ರಲ್ರೀ!" ಎಂದಳು ಸೋಮವ್ವ. "ಮಕ್ಕಳ್ನ ಯಾಕ ನೀರಿಗೆ ನೂಕ್ಬೇಕು? ಅಂವಾ ಎಂಥಾ ರಾಜಾನ್ರೀ?"

ಮೂರನೆಯ ದಿನ ಅವಳು ಒಮ್ಮೆಲೇ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯ ಶಿವನ! ಹಾಡಾಹಗಲ ಕಥಿ ಹೇಳಾಕತ್ತೀರಿ! ಹಗಲ ಕಥಿ ಹೇಳಿದ್ರ ಮಕ್ಕಳ ಸೋದರಮಾವ ದಾರಿ ತಪ್ಪತಾನ್ರೀ!"

ವತ್ಸಲಾಬಾಯಿಯ ಪೆನ್ನು ನಿಂತಿತು. ಮುಧೋಳಕ್ಕೆ ಕೊಟ್ಟ ಮಗಳು ಇಂದಿರೆಗೆ ಇದ್ದದ್ದು ಒಬ್ಬನೇ ಸೋದರಮಾವ. ಅವನೀಗ ಏಳು ಸಮುದ್ರ ದಾಟಿ ಬರಬೇಕಿತ್ತು.

"ಆ ಮಾತು ಕನ್ನಡ ಕಥಿಗೆ!" ಎಂದರು ಮಾಸ್ತರರು. "ಸ್ಪ್ಯಾನಿಷ್ ಕಥಿಗೆ ದಾರಿ ತಪ್ಪಬೇಕಾದ್ರ ಮಾವಗ ಮದಲ ಸ್ಪ್ಯಾನಿಷ್ ಬರಬೇಕು!"

"ನಮ್ಮ ಶ್ರೀಧರಗ ಬರ್ತದಲ್ರೀ," ಎಂದರು ವತ್ಸಲಾಬಾಯಿ.

ಮಾಸ್ತರರು ಮುಂದಿನ ಪುಟ ತಿರುವಿದರು.

ಅದೇ ವಾರ ಸೋಮವ್ವನ ಅಣ್ಣ ಹೊಳಬಸಪ್ಪ ತುಬಚಿಯಿಂದ ಜಮಖಂಡಿಗೆ ಹೊರಟವನು ಬಸ್ಸಿನಲ್ಲಿ ನಿದ್ದೆಹೋಗಿ, ಎಚ್ಚರವಾದಾಗ ತೇರದಾಳದಲ್ಲಿದ್ದ. ಗಾಬರಿಯಲ್ಲಿ ಮತ್ತೊಂದು ಬಸ್ಸು ಹಿಡಿದು ಬನಹಟ್ಟಿ ಕಂಡ, ಅಲ್ಲಿಂದ ಮುಧೋಳ. ಮೂರನೆಯ ದಿನ ತಂಗಿಯ ಮನೆ ಮುಟ್ಟುವಷ್ಟರಲ್ಲಿ ಅವನಿಗೆ ತನ್ನ ಊರ ಹೆಸರೇ ಮರೆತಿತ್ತು!

"ಅಂವಾ ನಿದ್ದಿ ಹೊಡದಾನ!" ಎಂದು ಮಾಸ್ತರರು ಕೂಗಿದರು.

"ಆ ನಿದ್ದಿ ಯಾಕ ಬಂತ್ರೀ? ಇಲ್ಲಿ ನಿಮ್ಮ ಕಥಿ ನಡದಿತ್ತು!" ಎಂದು ಓಣಿಯ ಹೆಂಗಸರೆಲ್ಲ ಕಟ್ಟೆ ಹತ್ತಿದರು. ಅಂದಿನಿಂದ ತಾಲೂಕಿನಲ್ಲಿ ಯಾವ ಮಾವ ತಡವಾದರೂ, ಬಸ್ಸಿನ ಗಾಲಿ ಪಂಕ್ಚರಾದರೂ ವಿಚಾರಣೆ ಮಾಸ್ತರರ ಮನೆಯಲ್ಲಿ!

ವತ್ಸಲಾಬಾಯಿ ಪುಸ್ತಕ ಮುಚ್ಚಿದರು. "ಸಾಕ್ರೀ. ಹುಡಿಗಿ ಕೂಡ ಕೈಸನ್ನಿ ಮಾಡಿ ಮಾತಾಡ್ತೀನಿ. ಅಂವಾ ಬಂದು ಮುಟ್ಟಿದ್ರ ಸಾಕು."

ಪ್ರತಿಜ್ಞೆಗೆ ಬಂದ ಗಂಡಾಂತರ! ಮಾಸ್ತರರು ಅರ್ಧ ದಿನ ಯೋಚಿಸಿ ಎದ್ದರು. "ಹಗಲ ಬ್ಯಾಡೇನು? ನಡೀರಿ, ರಾತ್ರಿ ಮಾಡೋಣು!"

ನಡುಮನೆಯ ಬಾಗಿಲು ಹಾಕಿದರು. ಕಿಟಕಿಗಳಿಗೆ ದಪ್ಪ ಕೌದಿ ಕಟ್ಟಿದರು. ಒಂದು ಗಂಟೆಯ ಸುಡುಬಿಸಿಲಿನಲ್ಲಿ ಕಂದೀಲು ಹಚ್ಚಿದರು. ಸೋಮವ್ವ ಒಳಗೆ ಬಂದು, ಕಂದೀಲಿನ ಬೆಳಕು ಮುಟ್ಟದ ಮೂಲೆಯಲ್ಲಿ ತನ್ನ ಕೈ ತನಗೆ ಕಾಣದ್ದನ್ನು ಖಾತ್ರಿ ಮಾಡಿಕೊಂಡು, "ಇದು ರಾತ್ರೀನ ಐತಿ, ಹೇಳ್ರಿ," ಎಂದು ತೀರ್ಪು ಕೊಟ್ಟಳು. ಬೆವರು ಹರಿದು ಪುಸ್ತಕದ ಶಾಯಿ ಕದಡಿತು. ಹನ್ನೆರಡು ಕಥೆ ಮುಗಿಯುವಷ್ಟರಲ್ಲಿ ಮೂವರೂ ಅರ್ಧರ್ಧ ಆಗಿದ್ದರು. ಆದರೂ ವತ್ಸಲಾಬಾಯಿ ಒಂದು ದಿನ ತಪ್ಪಿಸಲಿಲ್ಲ. ಕೌದಿಯ ಅಂಚಿನಲ್ಲಿ ಗೆರೆಯಷ್ಟು ಬೆಳಕು ಕಂಡರೂ ಎದ್ದು ಹೋಗಿ ಮುಚ್ಚಿ ಬರುತ್ತಿದ್ದರು.

ದೀಪಾವಳಿಗೆ ನಾಲ್ಕು ದಿನ ಇದ್ದಾಗ ಅಂಚೆಯ ನಾಮದೇವ ಬಂದ. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಹಾಕಿದೆ, ಕಿಟಕಿಗೆ ಕೌದಿ, ಸಂದಿಯಲ್ಲಿ ದೀಪದ ಬೆಳಕು, ಒಳಗೆ ಹೆಂಗಸರು. ನಾಮದೇವ ಕಾಲಲ್ಲಿದ್ದ ಚಪ್ಪಲಿ ಬಿಟ್ಟ, ತಲೆಯ ಮೇಲಿನ ಟೊಪ್ಪಿಗೆ ತೆಗೆದ, ಮೆಲ್ಲಗೆ ಬಾಗಿಲು ಸರಿಸಿದ.

"ಮಾಸ್ತರ್ರೀ... ಯಾರು ಹೋದ್ರೀ?"

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ತಿಂಗಳ ಸೆಕೆಯೆಲ್ಲ ನಗೆಯಾಗಿ ಹೊರಬಂತು.

"ಯಾರೂ ಹೋಗಿಲ್ಲೋ ನಾಮದೇವ! ಸಾಲಿ ನಡದದ, ಸಾಲಿ!"

ನಾಮದೇವ ನಾಚಿ ಟೊಪ್ಪಿಗೆ ಇಟ್ಟುಕೊಂಡು ಒಂದು ಲಕೋಟೆ ಕೊಟ್ಟು ಹೋದ. ಪರದೇಶದ ಅಂಚೆಚೀಟಿ. ಆದರೆ ವಿಳಾಸ ಶ್ರೀಧರನ ಅಕ್ಷರದಲ್ಲಿರಲಿಲ್ಲ. ದುಂಡಗೆ, ಒತ್ತಿ ಒತ್ತಿ ಬರೆದ ಮಕ್ಕಳ ಅಕ್ಷರ. ಒಳಗೆ ಸ್ಪ್ಯಾನಿಷಿನಲ್ಲಿ ಹನ್ನೊಂದು ಸಾಲು.

ಮಾಸ್ತರರು ಕಂದೀಲಿಗೆ ಹಿಡಿದು ಓದಿದರು. ತಮ್ಮ ಪದ್ಧತಿ ಇಷ್ಟು ಚೆನ್ನಾಗಿ ಫಲಿಸುತ್ತದೆಂದು ಅವರಿಗೇ ಗೊತ್ತಿರಲಿಲ್ಲ. ಮೂರನೆಯ ಸಾಲಿಗೆ ಎಲ್ಲ ತಿಳಿದುಹೋಯಿತು.

"ಏನಂತ್ರೀ?" ಎಂದರು ವತ್ಸಲಾಬಾಯಿ.

"ಹಡಗ ತಪ್ಪೇದಂತ." ಮಾಸ್ತರರು ಪತ್ರ ಮಡಚಿದರು. "ಮುಂದಿನ ಭಾವುಬೀಜಕ್ಕ ಖರೆ ಬರ್ತಾನಂತ. ಆರಾಮ ಇದ್ದಾನಂತ. ದಪ್ಪ ಆಗ್ಯಾನಂತ."

ವತ್ಸಲಾಬಾಯಿ ಕೈ ಚಾಚಿ ಪತ್ರ ತೆಗೆದುಕೊಂಡರು. ಅವರ ಬೆರಳು ಸಾಲಿನ ಕೆಳಗೆ ಇರುವೆಯಂತೆ ನಡೆಯಿತು. ಮೂವತ್ತನಾಲ್ಕು ವರ್ಷದ ಮಾಸ್ತರಿಕೆಯಲ್ಲಿ ಎಂಥ ದಡ್ಡನನ್ನೂ ಪಾಸಾಗಲಿ ಎಂದು ಹರಸಿದ್ದ ಗುರುರಾಜರು ಅಂದು ಮೊದಲ ಸಲ, ತಮ್ಮ ವಿದ್ಯಾರ್ಥಿ ಫೇಲಾಗಲಿ ಎಂದು ರಾಯರಿಗೆ ಹರಕೆ ಹೊತ್ತರು.

ಬೆರಳು ಮೂರನೆಯ ಸಾಲಿನಲ್ಲಿ ನಿಂತಿತು.

"ಮುರಿಯೋ," ಎಂದು ಓದಿದರು ವತ್ಸಲಾಬಾಯಿ. "ಐದನೇ ಕಥಿಯೊಳಗ ರಾಜಾ. ಏಳನೇದ್ರಾಗ ಕುರಬರ ಹುಡುಗ. ನೀವೇ ಐವತ್ತು ಸರ್ತೆ ಬರಿಸೀರಿ."

"ಹಂಗಂದ್ರೇನ್ರೀ, ಬಾಯಾರ?" ಎಂದಳು ಸೋಮವ್ವ.

"ಸತ್ತ ಅಂತ, ಸೋಮವ್ವಾ."

ಸೋಮವ್ವ ಎದೆ ಬಡಿದುಕೊಂಡಳು. "ಬಾಗಲಾ ಹಾಕಿದ್ವಿ, ಕೌದಿ ಕಟ್ಟಿದ್ವಿ! ಎಲ್ಲಿ ತಪ್ಪಿತ್ರೀ ಯವ್ವಾ? ಮದಲಿನ ಒಂದು ವಾರಾ ಹಗಲಿನ್ಯಾಗ..."

"ಅಲ್ಲ," ಎಂದರು ಮಾಸ್ತರರು. ಅವರ ದನಿ ಅವರಿಗೇ ಕೇಳಲಿಲ್ಲ. "ತಾರೀಖು ಬರದಾಳ. ನಾ ಮೊದಲ ಕಥಿ ಸುರು ಮಾಡೂಕಿಂತ ಹತ್ತು ದಿನ ಮದಲ ಅಂವಾ ಹೋಗ್ಯಾನ."

ವತ್ಸಲಾಬಾಯಿ ಎದ್ದು ಒಂದೊಂದಾಗಿ ಕೌದಿ ಬಿಚ್ಚಿದರು. ಬಿಸಿಲು ಒಳಗೆ ಬಿತ್ತು.

ಮೂರು ದಿನ ಅವರು ತಮ್ಮನ ಸೂತಕ ಹಿಡಿದರು. ನಾಲ್ಕನೆಯ ದಿನ ಸ್ನಾನ ಮಾಡಿ ಬಂದು ಗಂಡನ ಮುಂದೆ ಕಾಗದ ಇಟ್ಟರು. "ಆ ಕೂಸು ಅಲ್ಲಿ ಒಂಟಿ ಆಗಿರಬೇಕು. ಬರೀರಿ. ನಾ ನಿಮ್ಮಪ್ಪನ ಅಕ್ಕ ಅಂತ."

ಮಾಸ್ತರರು ಬರೆದರು. ಅಪ್ಪ, ಅಕ್ಕ ಎಲ್ಲ ಕಥೆಯಲ್ಲಿದ್ದರು.

"ಊಟ ಆತೇನು ಅಂತ ಕೇಳ್ರಿ."

ಪೆನ್ನು ಕಾಗದದ ಮೇಲೆ ನಿಂತಿತು. ಹನ್ನೆರಡು ಕಥೆಗಳಲ್ಲಿ ಶಾಪವಿತ್ತು, ಕೋಟೆಯಿತ್ತು, ಮಾಟಗಾತಿಯಿದ್ದಳು. ಒಬ್ಬರಾದರೂ ಇನ್ನೊಬ್ಬರನ್ನು ಊಟವಾಯಿತೇ ಎಂದು ಕೇಳಿರಲಿಲ್ಲ.

"ಇಷ್ಟು ದೊಡ್ಡ ಭಾಷಾದೊಳಗ ಆ ಮಾತಿಲ್ಲೇನ್ರೀ?"

"ಇರ್ತದ," ಎಂದರು ಗುರುರಾಜ ಮಾಸ್ತರರು. ಮುಂದಿನ ಮಾತು ಅವರ ಬಾಯಿಂದ ಜನ್ಮದಲ್ಲೇ ಬಂದಿರಲಿಲ್ಲ. "ನನಗ ಬರೂದಿಲ್ಲ."

ವತ್ಸಲಾಬಾಯಿ ಪೆನ್ನು ತೆಗೆದುಕೊಂಡು ಕಾಗದವನ್ನು ತಮ್ಮ ಕಡೆಗೆ ತಿರುಗಿಸಿದರು.

"ಕನ್ನಡದಾಗ ಬರೀತೀನಿ, ಬಿಡ್ರಿ. ಓದಿ ಹೇಳಲಿಕ್ಕೆ ಅಲ್ಲಿ ಯಾರರೆ ಒಬ್ಬ ಮಾಸ್ತರ ಸಿಕ್ಕಾನು. ದೇವರು ಆಕಿಗೆ ನಿಮಗಿಂತ ಛಲೋ ಮಾಸ್ತರನ್ನ ಕೊಡ್ಲಿ."