ಚಿಕ್ಕಪ್ಪ ಕಡಲಲ್ಲಿ ಹಗ್ಗ ಸೇದಿದ್ದು

ನಮ್ಮ ಚಿಕ್ಕಪ್ಪ ಮಂಗಳೂರಿನ ಕಡಲಲ್ಲಿ ಎತ್ತಿನ ಗಾತ್ರದ ಮೀನು ಹಿಡಿದು, ಹುರಿದು, ತಿಂದು ಬಂದರೆಂದು ಮಧುಗಿರಿಯಲ್ಲಿ ಹೇಳುತ್ತಾರೆ. ಸುದ್ದಿ ಪಾವಗಡ ಮುಟ್ಟುವಷ್ಟರಲ್ಲಿ ಎತ್ತು ಆನೆಯಾಗಿರುತ್ತದೆ. ಮೈಸೂರಿನ ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದ ನಾನು ಕೇಳುವುದು ಒಂದೇ ಪ್ರಶ್ನೆ: ಎತ್ತನ್ನು ಹುರಿಯುವಂಥ ಬಾಣಲೆ ಯಾರ ಮನೆಯಲ್ಲಿದೆ? ಇದುವರೆಗೆ ಒಬ್ಬರೂ ತಂದು ತೋರಿಸಿಲ್ಲ!

ತಪ್ಪೇನಿದ್ದರೂ ಚಿಕ್ಕಪ್ಪನ ಕೈಯದು. ಹಗ್ಗ ಕಂಡರೆ ಸೇದದೆ ಇರಲಾರದ ಕೈ. ಆಳದ ಬಾವಿಗಳ ಸೀಮೆಯಲ್ಲಿ ಹುಟ್ಟಿದ ನಮಗೆಲ್ಲ ಆ ಚಟ ಅಷ್ಟಿಷ್ಟು ಇದೆ, ಅವರದು ಮಿತಿಮೀರಿದ್ದು. ದಾರಿಯಲ್ಲಿ ಯಾವ ಹೆಂಗಸು ಬಾವಿಗೆ ಕೊಡ ಇಳಿಬಿಟ್ಟರೂ ನಿಂತು ಹಗ್ಗ ಇಸಿದುಕೊಳ್ಳುತ್ತಾರೆ. ಒಮ್ಮೆ ಶಿರಾದಲ್ಲಿ ಹುಣಸೆಹಣ್ಣಿನ ವ್ಯಾಪಾರದ ಸಾಹೇಬರು ಮಾಳಿಗೆಯ ಮೇಲೆ ಗಾಳಿಪಟ ಹಾರಿಸುತ್ತಿದ್ದರು. ಚಿಕ್ಕಪ್ಪ ದಾರ ಇಸಿದುಕೊಂಡು, ಕೈ ಮೇಲೆ ಕೈ ಹಾಕಿ ಸೇದಿ, ಪಟವನ್ನು ಅವರ ಕಾಲಬುಡಕ್ಕೆ ತಂದಿಟ್ಟರು. "ಭಾಯ್, ಅದು ಬಾವಿಯಾಗಿರಲಿಲ್ಲ, ಆಸ್ಮಾನದಾಗಿತ್ತು" ಎಂದು ಸಾಹೇಬರು ನೊಂದುಕೊಂಡರಂತೆ.

ಇಂಥವರು ಹುಣಸೆಹಣ್ಣಿನ ಗಾಡಿಯೊಡನೆ ಘಟ್ಟ ಇಳಿದು, ಕಡಲು ನೋಡುವ ಆಸೆಗೆ ಬೆಸ್ತರ ದೋಣಿ ಹತ್ತಿದರೆ ಇನ್ನೇನಾದೀತು? ದೋಣಿಯವನು ಗಾಳದ ಹಗ್ಗ ಇಳಿಬಿಟ್ಟ, ಚಿಕ್ಕಪ್ಪ ಇಸಿದುಕೊಂಡರು, ಸೇದಿದರು. ಬಾಲಕ್ಕೆ ಹಗ್ಗ ಸುತ್ತಿಕೊಂಡ ಒಂದು ಡಾಲ್ಫಿನ್ ಮೇಲೆ ಬಂತು! ಹೆಸರು ಮಾತ್ರ ನನ್ನದು, ಅವರು ಹೇಳಿದ ಗುರುತಿನಿಂದ ಕಂಡುಕೊಂಡದ್ದು. ಚಿಕ್ಕಪ್ಪ ಸೊಂಟದ ಚೀಲದಿಂದ ಅಡಿಕೆ ಕತ್ತರಿ ತೆಗೆದು, ದೋಣಿಯಿಂದ ಅರ್ಧ ಹೊರಕ್ಕೆ ಬಾಗಿ, ಹಗ್ಗ ಕತ್ತರಿಸಿ ಅದನ್ನು ಬಿಟ್ಟುಬಿಟ್ಟರು. ಗಾಳ ಕಳೆದುಕೊಂಡ ದೋಣಿಯವನು ತುಳುವಿನಲ್ಲಿ ಬೈದದ್ದನ್ನು ಹರಸಿದ್ದೆಂದು ತಿಳಿದು ಚಿಕ್ಕಪ್ಪ ಕೈಮುಗಿದರಂತೆ. ದಡದಲ್ಲಿದ್ದ ನಮ್ಮ ಗಾಡಿಯವನು ಕಂಡದ್ದು ಸೇದುವುದನ್ನು ಮಾತ್ರ. ಊರಲ್ಲಿ ಬಂದು ಹೇಳಿದ್ದೂ ಅಷ್ಟನ್ನೇ. ಬಾಣಲೆಯನ್ನು ಊರವರು ಸೇರಿಸಿದರು.

ಕೊರಳಲ್ಲಿ ಲಿಂಗ ಕಟ್ಟಿದವರು ಮೀನು ಹಿಡಿಯುವುದೆಂದರೇನು? ಮಠದ ಜಗಲಿಯಲ್ಲಿ ಹಿರಿಯರು ಸೇರಿದರು. ಅಲ್ಲಿನ ದಾಸೋಹದಲ್ಲಿ ತುಪ್ಪ ಬಡಿಸುವುದು ಚಿಕ್ಕಪ್ಪನ ಪಾಲಿನ ಕೆಲಸ. ಹೆಂಡತಿ ಮಕ್ಕಳಿಲ್ಲದ ಅವರಿಗೆ ಆ ಪಂಕ್ತಿಯೇ ಸಂಸಾರ. ಊರ ಯಜಮಾನರು ಅದಕ್ಕೇ ಕೈಹಾಕಿದರು: "ಮೀನಿಡ್ದ ಕೈಲಿ ಇನ್ ತುಪ್ಪ ಬಡಿಸೋದ್ ಬ್ಯಾಡ."

ಚಿಕ್ಕಪ್ಪ ತುಪ್ಪದ ಗಿಂಡಿ ತಂದು ಯಜಮಾನರ ಮುಂದಿಟ್ಟರು. ನಾನು ಬಿಡುತ್ತೇನೆಯೆ? ಎದ್ದು ನಿಂತೆ. ಡಾಲ್ಫಿನ್ ಮೀನೇ ಅಲ್ಲ. ಉಸಿರಾಡಲು ನೀರಿನ ಮೇಲೆ ಬರುತ್ತದೆ, ಮರಿ ಹಾಕುತ್ತದೆ, ಹಾಲೂಡಿಸುತ್ತದೆ ಎಂದು ಓದಿದ್ದನ್ನೆಲ್ಲ ಒಪ್ಪಿಸಿದೆ.

"ನೀರಾಗಿರೋದೆಲ್ಲ ಮೀನೇ ಕಣಪ್ಪ" ಎಂದರು ಯಜಮಾನರು.

"ನಿಮ್ಮನೆ ಎಮ್ಮೆ ಮಧ್ಯಾಹ್ನವೆಲ್ಲ ಕೆರೆಯಾಗೇ ಇರ್ತದಲ್ಲ ಯಜಮಾನ್ರೇ, ಅದರ ಹಾಲು ಕುಡೀತೀರಲ್ಲ?"

ಜಗಲಿಗೆ ಜಗಲಿಯೇ ನಕ್ಕಿತು. ಕೊನೆಗೆ ಯಜಮಾನರ ಮೀಸೆಯೂ ಅಲ್ಲಾಡಿತು. ಗೆದ್ದೆ! ಕಾಲೇಜಿನಲ್ಲಿ ಗೆದ್ದ ಬೆಳ್ಳಿಯ ಬಟ್ಟಲು ಇದರ ಮುಂದೆ ಯಾವ ಲೆಕ್ಕ? ತುಪ್ಪದ ಗಿಂಡಿ ಅಂದೇ ಚಿಕ್ಕಪ್ಪನ ಕೈಗೆ ಮರಳಿತು.

ಪಂಕ್ತಿಯಲ್ಲಿ ಅವರು ನನ್ನ ಎಲೆಗೆ ಬಗ್ಗಿದಾಗ, ಹೊಗಳಿಸಿಕೊಳ್ಳುವ ಆಸೆಯಿಂದ, ನನ್ನ ವಾದ ಹೇಗಿತ್ತೆಂದು ಕೇಳಿದೆ.

"ಅದು ಮೀನೋ ಅಲ್ವೋ ನಂಗೇನ್ಲಾ ಗೊತ್ತಿತ್ತು" ಎಂದರು ಮೆಲ್ಲಗೆ. "ಮೇಲಕ್ ಬಂದು ಉಸ್ ಅಂತು. ನಮ್ಮ ಗೌರಿ ಕಡೇಲಿ ಉಸಿರ್ ಬುಟ್ಟಂಗೇ ಇತ್ತು. ಕತ್ತರಿಸ್ಬುಟ್ಟೆ."

ಗೌರಿ ಎಂದರೆ ಚಿಕ್ಕಪ್ಪ ಸಾಕಿದ್ದ ಹಸು. ಕರು ಹೊರಬರದೆ, ಅವರ ತೊಡೆಯ ಮೇಲೆ ತಲೆಯಿಟ್ಟೇ ಪ್ರಾಣ ಬಿಟ್ಟಿತ್ತು.

ಅವರಾಗಲೇ ಪಕ್ಕದ ಎಲೆಗೆ ಹೊರಟಿದ್ದರು. ಪಂಚೆಯ ಅಂಚು ಹಿಡಿದು ನಿಲ್ಲಿಸಿದೆ.

"ಚಿಕ್ಕಪ್ಪ, ಅದು ಉಸ್ ಅನ್ನದೆ, ಸುಮ್ನೆ ಒದ್ದಾಡೋ ಮೀನೇ ಆಗಿದ್ದಿದ್ರೆ, ಕತ್ತರಿಸ್ತಿರಲಿಲ್ವಾ?"