ಲೈನಲ್ಲೇ ಇರಿ

ಗಾಬರಿಯಲ್ಲಿರುವವರ ಮಾತು ನನಗೆ ಅರ್ಥವಾಗುವಷ್ಟು ಬೇರೆ ಯಾರಿಗೂ ಅರ್ಥವಾಗುವುದಿಲ್ಲ ಎಂದು ನಾನು ಬಹುಕಾಲದಿಂದ ನಂಬಿದ್ದೇನೆ. ಇದು ಜಂಬವಲ್ಲ, ಅನುಭವ. ಕೆ.ಜಿ.ಎಫ್.ನಲ್ಲಿ ಆಂಬುಲೆನ್ಸಿಗಾಗಿ ಬರುವ ಕರೆಗಳನ್ನು ಕೇಳಿಸಿಕೊಂಡು ಗಾಡಿ ಕಳಿಸುವ ಕುರ್ಚಿಯಲ್ಲಿ ಕೂತು ಕೂತೇ ನನ್ನ ತಲೆ ಬೆಳ್ಳಗಾಗಿದೆ. ಮನೆಯಲ್ಲಿ ಯಾರಾದರೂ ಬಿದ್ದರೆ ಬಾಗಿಲ ನಂಬರು ಹೇಳುವ ಪುಣ್ಯಾತ್ಮರನ್ನು ನಾನು ಕಂಡಿಲ್ಲ. 'ನಮ್ ಮಾವ ಬಿದ್ಬುಟ್ಟವ್ರೆ, ಬೇಗ ಬನ್ನಿ' ಎಂದು ಫೋನಿಟ್ಟುಬಿಡುತ್ತಾರೆ. ಅರ್ಧ ತಮಿಳು, ಕಾಲುಭಾಗ ತೆಲುಗು, ಮಿಕ್ಕಿದ್ದು ಅಳು. ಅದರ ಹಿಂದೆ ಕೇಳಿಸುವ ರೈಲಿನ ಕೂಗಿನಿಂದಲೋ ಹಿಟ್ಟಿನ ಗಿರಣಿಯ ಸದ್ದಿನಿಂದಲೋ ನಾನು ಬೀದಿಯನ್ನು ಗುರುತು ಹಿಡಿಯುತ್ತೇನೆ. ಈ ಚಟ ಮನೆಗೂ ಅಂಟಿಕೊಂಡಿದೆ. ಬೂದಿಕೋಟೆಯಿಂದ ನನ್ನ ಷಡ್ಡಕ ಫೋನ್ ಮಾಡಿ, 'ಮಗಳ ಮದ್ವೆ ಗೊತ್ತಾಯ್ತು ಕಣಣ್ಣ' ಎಂದಾಗ ನಾನು, 'ಗಾಬರಿಯಾಗಬೇಡಿ, ಉಸಿರಾಡ್ತಿದ್ದಾರಾ?' ಎಂದು ಕೇಳಿದ್ದನ್ನು ಹೆಂಡತಿಯ ತವರಿನವರು ಇನ್ನೂ ಮರೆತಿಲ್ಲ.

ಇಂಥ ನನ್ನ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟರು. ಕಾರಣ, ಜನ ಸಾಲದು. ನಮ್ಮಲ್ಲಿ ಕೆಲವರು ನಿವೃತ್ತರಾದರು, ಕೆಲವರು ವರ್ಗವಾಗಿ ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಖಾಲಿ ಕುರ್ಚಿಗಳ ಮೇಲೆ ನಾನು ಊಟದ ಡಬ್ಬಿ, ಛತ್ರಿ, ಮಫ್ಲರು ಒಂದೊಂದನ್ನೇ ಕೂರಿಸಿ ಕಚೇರಿ ತುಂಬಿಸಿದ್ದೆ. ಕೊನೆಗೆ ಸಾಹೇಬರು ಬಂದು, 'ಇನ್ನು ಕರೆಗಳನ್ನೆಲ್ಲ ಉತ್ತರ ಕರ್ನಾಟಕದ ಕಡೆಯ ಒಂದು ಕಂಪನಿಯವರು ಎತ್ತುತ್ತಾರೆ. ಅವರು ವಿಳಾಸ ಕೇಳಿ ತಿಳಿಸುತ್ತಾರೆ, ನೀವು ಗಾಡಿ ಕಳಿಸಿದರಾಯಿತು' ಎಂದರು. ನನಗೆ ಬಹಳ ಉರಿಯಿತು. ನಮ್ಮ ಚಾಂಪಿಯನ್ ರೀಫ್ಸ್ ಬಡಾವಣೆಯ ಯಾವುದೋ ಅಜ್ಜಿಯ ನರಳಾಟ ಅಷ್ಟು ದೂರ ಹೋಗಿ, ಅಲ್ಲಿಂದ ತಿರುಗಿ ನನ್ನ ಮೇಜಿಗೆ ಬರಬೇಕೇ? ಬಂಗಾರಪೇಟೆ ಸ್ಟೇಷನ್ನಿನ ಎದುರು ಆ ಊರಿನ ಹೆಸರುವಾಸಿ ಬಣ್ಣವಿಲ್ಲದ ನೀರಿನ ಪಾನಿಪುರಿ ತಿನ್ನುತ್ತಾ, ಆಂಬುಲೆನ್ಸ್ ಓಡಿಸುವ ಮುನಿರಾಜುವಿಗೆ ಅಂದೇ ಹೇಳಿದೆ: 'ನೋಡ್ತಿರು, ಈ ಆಟ ಜಾಸ್ತಿ ದಿನ ನಡೆಯಲ್ಲ.'

ನಾನು ಹೇಳಿದ್ದು ಬೇಗನೆ ನಿಜವಾಯಿತು. ಚಾಂಪಿಯನ್ ರೀಫ್ಸ್‌ನ ಸೆಲ್ವಂ ಎಂಬಾತನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದರು. ಆತ ಫೋನ್ ಮಾಡಿದ. ಆ ಕಡೆ ಎತ್ತಿದವಳು ರೇಣುಕಾ ಎಂಬ ಹೊಸ ಹುಡುಗಿ. ಅವರಿಬ್ಬರ ಮಾತು ರೆಕಾರ್ಡ್ ಆಗಿತ್ತು, ನಾನು ಆಮೇಲೆ ಕೇಳಿದೆ.

'ಎಲ್ಲಿ ಅದೀರಿ ನೀವು?'

'ಲೈನಲ್ಲಿ ಮೇಡಂ.'

'ಲೈನಲ್ಲಿ ಅದೀರಿ, ಗೊತ್ತಾತ್ರಿ. ಮನಿ ಎಲ್ಲೈತಿ?'

'ಮನೇನೂ ಲೈನಲ್ಲೇ ಮೇಡಂ.'

'ಆತ್ರಿ, ಲೈನಲ್ಲೇ ಇರ್ರಿ.'

'ಸರಿ ಮೇಡಂ' ಎಂದು ಸೆಲ್ವಂ ಫೋನ್ ಕಟ್ ಮಾಡಿ ಜೇಬಿಗಿಟ್ಟ. ಲೈನಲ್ಲೇ ಇರಲು ಹೇಳಿದ್ದಾರೆ, ಇರೋಣ ಎಂದು ಬಾಗಿಲಲ್ಲಿ ಕುಳಿತು ಗಾಡಿಯ ದಾರಿ ಕಾದ.

ಕರೆ ಕಟ್ಟಾಯಿತೆಂದು ರೇಣುಕಾ ನನಗೆ ತಿಳಿಸಿದಾಗ ನಾನು ನಂಬರು ಪಡೆದು, ಸೆಲ್ವಂನನ್ನು ಹಿಡಿದು, ಗಾಡಿ ಓಡಿಸಿದೆ. ಪುಣ್ಯಕ್ಕೆ ಆ ತಾಯಿಗೆ ಕಾಲು ಉಳುಕಿತ್ತು, ಅಷ್ಟೇ. ಆದರೆ ರೇಣುಕಾಳನ್ನು ನಾನು ಅಷ್ಟಕ್ಕೇ ಬಿಡಲಿಲ್ಲ. 'ನೋಡಮ್ಮ, ನಮ್ಮೂರಲ್ಲಿ ಲೈನ್ ಅಂದರೆ ಫೋನಲ್ಲ. ಗಣಿ ಕೆಲಸದವರಿಗೆ ಸಾಲಾಗಿ ಕಟ್ಟಿದ ಮನೆಗಳಿಗೆ ಲೈನ್ ಅಂತೀವಿ. ಗಣಿ ಮುಚ್ಚಿದರೂ ಜನ ಅಲ್ಲೇ ಇದ್ದಾರೆ. ಮೊದಲು ಯಾವ ಲೈನು ಅಂತ ಕೇಳು. ಉತ್ತರ ಬರುವವರೆಗೂ ಬಿಡಬೇಡ' ಎಂದು ಪಾಠ ಮಾಡಿದೆ. ಅವಳು ಪ್ರತಿ ಮಾತಿಗೂ 'ಹೌದ್ರಿ ಸರ' ಎಂದಳು. ಈ ಹೊರಗುತ್ತಿಗೆ ಮುಗಿದು, ಊಟದ ಡಬ್ಬಿಯನ್ನು ಕುರ್ಚಿಯಿಂದ ಇಳಿಸುವ ಕಾಲ ಬಂತೆಂದು ಅಂದು ನಾನು ಮನಸ್ಸಿನಲ್ಲೇ ಹಿಗ್ಗಿದೆ.

ಆಮೇಲೊಂದು ಭಾನುವಾರ ನನ್ನ ಹೆಂಡತಿ ಯಶೋದ ಹಜಾರದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಮೈಯೆಲ್ಲ ಬೆವರು. ಅವಳ ಮುಖ ನೋಡಿ ನನ್ನ ಜೀವವೇ ಹೋದಂತಾಯಿತು. ಅವಳಿಲ್ಲದ ಮನೆಯನ್ನು ನಾನು ಎಂದೂ ಊಹಿಸಿಕೊಂಡವನಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದೆ.

'ಎಲ್ಲಿ ಅದೀರಿ?' ಎಂದಿತು ರೇಣುಕಾಳ ದನಿ.

'ನಮ್ಮನೇಲಿ.'

'ನಿಮ್ಮನಿ ಎಲ್ಲೈತ್ರಿ?'

'ಇಲ್ಲೇ, ಚಾಂಪಿಯನ್ ರೀಫ್ಸಲ್ಲಿ. ಬೇಗ ಬನ್ನಿ.'

'ಯಾವ ಲೈನ್ರಿ?'

'ಲೈನಲ್ಲೇ ಇದ್ದೀನಮ್ಮ, ಮಾತಾಡು.'

'ಅದಲ್ರಿ, ಯಾವ ಲೈನು?'

'ಇದೇ ಲೈನು. ನಿನ್ನ ಮಾತು ಕೇಳಿಸ್ತಿದೆ. ಗಾಡಿ ಕಳಿಸು ತಾಯಿ.'

ನನ್ನ ದನಿಯ ಗುರುತು ಹಿಡಿದು ಅವಳು ನಿಧಾನವಾಗಿ, 'ಸರ, ನೀವಾ? ಗಾಬರಿ ಆಗಬ್ಯಾಡ್ರಿ. ಮನಿ ಲೈನ್ ಕೇಳಾಕತ್ತೀನ್ರಿ, ನೀವ ಹೇಳಿಕೊಟ್ಟೀರಲ್ರಿ. ಅಮ್ಮಾರಿಗೆ ಮಾತಾಡಾಕ ಆದ್ರ ಫೋನ್ ಅವ್ರ ಕಡೆ ಹಿಡೀರಿ' ಎಂದಳು.

ಸ್ಪೀಕರ್ ಹಾಕಿ ಹಿಡಿದೆ. ಯಶೋದ ಕಣ್ಣು ಮುಚ್ಚಿಕೊಂಡೇ, 'ಮಾರಮ್ಮನ ಗುಡಿ ಲೈನಮ್ಮ. ಗುಡಿ ಇಂದೆ ಕೊನೇ ಮನೆ, ನೀಲಿ ಬಾಗ್ಲು. ಇವ್ರು ಏಳಿದ್ನ ಕೇಳ್ಬೇಡ' ಎಂದಳು.

ಮುನಿರಾಜು ಗಾಡಿ ತಂದ. ಆಸ್ಪತ್ರೆಯಲ್ಲಿ ಡಾಕ್ಟರು, ಹೃದಯದ ತೊಂದರೆಯೇ, ಇನ್ನೊಂದಿಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು. ಅಲ್ಲಿಯ ಕಾರಿಡಾರಿನಲ್ಲಿ ಗೋಡೆ ಕಡೆ ತಿರುಗಿಕೊಂಡು ನಾನು ಅತ್ತದ್ದು ನಿಜ. ಮುನಿರಾಜು ಮಾತ್ರ ಹೆಗಲ ಮೇಲೆ ಕೈಯಿಟ್ಟು, 'ಏನಣ್ಣೋ, ಈ ಆಟ ಜಾಸ್ತಿ ದಿನ ನಡೆಯಲ್ಲ ಅಂದಿದ್ಯಲ್ಲ' ಎಂದ.

ಯಶೋದ ಈಗ ಆರಾಮಾಗಿದ್ದಾಳೆ, ಅವರೆಕಾಯಿಯನ್ನು ನಾನು ಬಿಡಿಸುತ್ತೇನೆ. ಗಾಬರಿಯಲ್ಲಿರುವವರ ಮಾತು ಅರ್ಥ ಮಾಡಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಈಗಲೂ ಹೇಳುತ್ತೇನೆ, ಆ ಗಾಬರಿ ನನ್ನದಾಗಿರದಿದ್ದರೆ ಸಾಕು. ರೇಣುಕಾ ವಾರಕ್ಕೊಮ್ಮೆ ಫೋನ್ ಮಾಡಿ ಅಮ್ಮಾರ ಯೋಗಕ್ಷೇಮ ಕೇಳುತ್ತಾಳೆ. ನಿನ್ನೆಯೂ ಮಾಡಿದ್ದಳು. ಫೋನೆತ್ತಿದ ಯಶೋದಳನ್ನು, 'ಸರ ಅದಾರೇನ್ರಿ?' ಎಂದು ಕೇಳಿರಬೇಕು.

'ಅವ್ರೆ ಕಣಮ್ಮ, ಲೈನಲ್ಲೇ ಅವ್ರೆ' ಎಂದಳು ಯಶೋದ. 'ಯಾವ ಲೈನು ಅಂತ ಮಾತ್ರ ಕೇಳ್ಬೇಡ.'